ನಾಲಿಗೆಯ ಕೆಳಗಿನ ಹತ್ತು ನಿಮಿಷ

ನಮ್ಮ ಕಡೆ ಸಾಲೆ ಕಲಿಸುವ ಹೆಂಗಸಿಗೆ ಬಾಯೋರು ಅನ್ನುತ್ತಾರೆ. ಬೇರೆಯವರಿಗೆ ಆ ಹೆಸರು ಎಷ್ಟು ಒಪ್ಪುತ್ತದೋ ಗೊತ್ತಿಲ್ಲ, ನನಗಂತೂ ಹೇಳಿ ಮಾಡಿಸಿದ ಹಾಗಿತ್ತು. ಬೈಲಹೊಂಗಲ ತಾಲ್ಲೂಕಿನ ಕನ್ನಡ ಸಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಬಾಯಿಯ ಮೇಲೆಯೇ ಹೊಟ್ಟೆ ಹೊರೆದವಳು ನಾನು. ಮೂರನೇ ಇಯತ್ತೆಯ ಮಕ್ಕಳಿಗೆ ನಾನು ಮಗ್ಗಿ ಹೇಳಿಸುತ್ತಿದ್ದರೆ ಊರ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಮಗ್ಗಿ ಬಾಯಿಪಾಠವಾಗುತ್ತಿತ್ತು ಎಂದು ನನ್ನ ಅವ್ವ ಈಗಲೂ ಹಂಗಿಸುತ್ತಾಳೆ. ಅಂಥವಳಿಗೆ ನಿವೃತ್ತಿಯಾದ ಮೇಲೆ ಸಿಕ್ಕ ಕೆಲಸ ಯಾವುದು ಅಂತೀರಿ? ದಿನಾ ಬೆಳಿಗ್ಗೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂಡ್ರುವುದು.

ಎದುರಿಗೆ ನನ್ನ ತಂಗಿಯ ಮಗಳು ಕೂತಿರುತ್ತಾಳೆ. ಹದಿನೇಳು ವರ್ಷದವಳು. ಅವಳ ನಾಲಿಗೆಯ ಕೆಳಗೆ ಒಂದು ಸಣ್ಣ ಗುಳಿಗೆ. ಅದು ಅಲ್ಲೇ ಪೂರ್ತಿ ಕರಗಬೇಕು. ಅಲ್ಲಿಯ ತನಕ ಅವಳು ಮಾತಾಡುವಂತಿಲ್ಲ, ನುಂಗುವಂತಿಲ್ಲ, ನೀರು ಕುಡಿಯುವಂತಿಲ್ಲ. ಕರಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು, ನಾನು ನೋಡಿ ಹೂಂ ಅನ್ನಬೇಕು. ನಾನು ಸುಮ್ಮನಿರಬೇಕೆಂದು ಡಾಕ್ಟರು ಹೇಳಿರಲಿಲ್ಲ. ಆದರೆ ನಾನು ಒಂದು ಮಾತಾಡಿದರೆ ಅವಳು ಎರಡಾಡುವ ಪೈಕಿ. ಅದಕ್ಕೇ ಇಬ್ಬರ ಬಾಯಿಗೂ ಬೀಗ.

ಅವಳು ಹುಟ್ಟಿ ಬೆಳೆದದ್ದು ರಾಮದುರ್ಗ ತಾಲ್ಲೂಕಿನ ಕಟಕೋಳದಲ್ಲಿ. ಹೊಲ, ಎರಡು ಎಮ್ಮೆ, ಕೆಲಸದಲ್ಲಿ ಮುಳುಗಿದ ಅಪ್ಪ ಅವ್ವ. ಹುಡುಗಿಗೆ ಖೋ ಖೋ ಹುಚ್ಚು. ಪಿಯುಸಿ ಮೊದಲ ವರ್ಷದಲ್ಲಿ ಕಂಬ ಹಿಡಿದು ತಿರುಗುವಾಗ ಮೊಣಕಾಲು ಉಳುಕಿತು. ಜೊತೆಗೆ ಆಡುವ ಗೆಳತಿಯೊಬ್ಬಳು ನೋವಿನ ಗುಳಿಗೆ ಕೊಟ್ಟಳು. ನೋವು ಹೋಯಿತು, ಜೊತೆಗೆ ಮನಸ್ಸೂ ಹಗುರಾಯಿತು. ತಿಂಗಳಲ್ಲಿ ಮೊಣಕಾಲು ವಾಸಿಯಾದರೂ ಗುಳಿಗೆ ಹೋಗಲಿಲ್ಲ. ಒಂದು ಎರಡಾಯಿತು, ಎರಡು ಆರಾಯಿತು. ಡಾಕ್ಟರ ಚೀಟಿ ಕೇಳದೆ ಕೊಡುವ ಔಷಧದ ಅಂಗಡಿಯನ್ನೂ ಗೆಳತಿಯರಿಬ್ಬರೇ ಹುಡುಕಿಕೊಂಡಿದ್ದರು.

ಸಿಗದ ದಿನ ಆಕಳಿಕೆ ಬರುತ್ತಿತ್ತು, ಮೂಗು ಸೋರುತ್ತಿತ್ತು, ಮೈ ಮುಳ್ಳೇಳುತ್ತಿತ್ತು, ಕಾಲು ಸೆಳೆಯುತ್ತಿದ್ದವು, ಹೊಟ್ಟೆ ಕೆಡುತ್ತಿತ್ತು. ಮನೆಯವರು ಜ್ವರ ಅಂದುಕೊಂಡು ಕಷಾಯ ಕುಡಿಸಿದರು. ಕೊನೆಗೆ ಅವಳೇ ಒಂದು ಸಂಜೆ ಎಮ್ಮೆ ಹಿಂಡುತ್ತಿದ್ದ ಅವ್ವನ ಬೆನ್ನಿಗೆ ಮುಖ ಒತ್ತಿ ಎಲ್ಲಾ ಹೇಳಿಬಿಟ್ಟಳಂತೆ. "ಬಿಡಬೇಕಂತೇನಿ ಬೇ. ಬಿಡಾಕ ಆಗವಲ್ದು" ಅಂದಳಂತೆ. ನನ್ನ ತಂಗಿ ಅದನ್ನು ಫೋನಿನಲ್ಲಿ ಹೇಳಿದಳು. ಮಾರನೆಯ ದಿನವೇ ಹೋಗಿ ಕರೆದುಕೊಂಡು ಬಂದೆ.

ಅವಳ ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಆತ ಕೆಟ್ಟ ಮನುಷ್ಯನಲ್ಲ. ಮೊದಲು ವಿಪರೀತ ಕುಡಿಯುತ್ತಿದ್ದ. ಒಂದು ದಿನ ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದ, ಅವತ್ತಿನಿಂದ ಇವತ್ತಿನ ತನಕ ಒಂದು ತೊಟ್ಟು ಮುಟ್ಟಿಲ್ಲ. ಆ ಮಾಲೆಯ ಮೇಲೆ ಅವನಿಗಿರುವ ಭರವಸೆ ಯಾವ ಡಾಕ್ಟರ ಮೇಲೂ ಇಲ್ಲ.

"ಗುಳಿಗಿ ಬಿಡಸಾಕ ಮತ್ತೊಂದು ಗುಳಿಗೀನ ಕೊಡತಾರೇನ್ರಿ ಅಕ್ಕಾರ?" ಎಂದು ಕೇಳಿದ. "ನಾ ಬಿಟ್ಟಿಲ್ಲೇನು? ಮಾಲಿ ಹಾಕಿಸಿದ್ರ ಮುಗೀತು."

ನಮ್ಮ ಭಾಷೆಯ ತೊಂದರೆಯೂ ಇದೇ. ಹಾಳು ಮಾಡಿದ್ದೂ ಗುಳಿಗೆ, ಉಳಿಸಲು ಬಂದದ್ದೂ ಗುಳಿಗೆ. ಬೇರೆ ಬೇರೆ ಹೆಸರಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಕಿತ್ತೂರಿನ ಹೆದ್ದಾರಿಯ ಆಚೆಗಿನ ದೊಡ್ಡ ದವಾಖಾನೆಯಲ್ಲಿ ಮನೋರೋಗ ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಮಾಧಾನದವಳು. ಹುಡುಗಿಯ ಅಪ್ಪನನ್ನು ಎದುರಿಗೆ ಕೂಡ್ರಿಸಿಕೊಂಡು ಹೇಳಿದಳು. "ಕಾಲ ಮುರದ್ರ ಪ್ಲಾಸ್ಟರ್ ಹಾಕತೇವಲ್ರಿ, ಎಲವು ಕೂಡೂದರೊಳಗ ತಗೀರಿ ಅಂತೀರೇನು? ಈ ಗುಳಿಗಿ ನಶಾ ಏರಸೂದಿಲ್ಲ. ಮೈ ನಡಗೂದು, ಜೀವ ಅದನ್ನ ಬೇಡೂದು ನಿಲ್ಲಸತೈತಿ. ಅಷ್ಟು ನಿಂತ್ರ ಅಕಿ ಓದತಾಳ, ಉಣ್ಣತಾಳ, ನಮ್ಮ ಜೋಡಿ ಕುಂತು ಮಾತಾಡತಾಳ. ಎಷ್ಟ ತಿಂಗಳು ಬೇಕು ಅಂತ ಇವತ್ತ ಹೇಳಾಕ ಬರೂದಿಲ್ರಿ. ನೀವಾಗೇ ನಿಲ್ಲಸಬ್ಯಾಡ್ರಿ."

ಆತ ಮಾಲೆಯ ಮಣಿ ತಿರುವುತ್ತಾ ಕೇಳಿಸಿಕೊಂಡ. ಹೊರಗೆ ಬಂದ ಮೇಲೆ ನನಗೆ ತನ್ನ ಕರಾರು ಹೇಳಿದ. "ನಿಮ್ಮ ಮನ್ಯಾಗ ಇರಲ್ರಿ, ಅಲ್ಲೇ ಕಾಲೇಜಿಗೂ ಹೋಗಲಿ. ಆದ್ರ ಒಮ್ಮಿ ಜಾರಿದ್ಲು ಅಂದ್ರ, ಈ ಗುಳಿಗೀನೂ ಬಂದ್, ಕಾಲೇಜೂ ಬಂದ್. ಕಟಕೋಳಕ್ಕ ಕರಕೊಂಡು ಹೋಗಾಂವ." ಹುಡುಗಿ ಪಕ್ಕದಲ್ಲೇ ನಿಂತು ಚಪ್ಪಲಿಯ ತುದಿ ನೋಡುತ್ತಿದ್ದಳು.

ಹೀಗೆ ಗುಳಿಗೆ ನಮ್ಮ ಮನೆಗೆ ಬಂತು. ಅದರ ಹೆಸರು ಉದ್ದ, ನನ್ನ ಅವ್ವನ ಬಾಯಿಗೆ ಹತ್ತಲಿಲ್ಲ. ಮೊಮ್ಮಗಳು ಅವಳಿಗೆ ಆಯಿ ಅನ್ನುತ್ತಾಳೆ. ಆಯಿ ಅದಕ್ಕೆ ನಾಲಿಗಿ ಗುಳಿಗಿ ಎಂದು ನಾಮಕರಣ ಮಾಡಿದಳು. ನಾನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ದಿನಾ ಹೊತ್ತಿಗೆ ಸರಿಯಾಗಿ ತೆಗೆದು ಕೊಡುತ್ತಿದ್ದೆ. ಸಾಲೆಯ ಗಂಟೆಗಿಂತ ನೆಟ್ಟಗೆ ನಡೆಯಿತು ನಮ್ಮ ವ್ಯವಹಾರ.

ಮೊದಲ ವಾರದಲ್ಲಿಯೇ ಮೂಗು ಸೋರುವುದು ನಿಂತಿತು, ಹಸಿವು ಬಂತು. ಎರಡನೆಯ ವಾರಕ್ಕೆ ಮಾತು ಬಂತು. ಆ ಹತ್ತು ನಿಮಿಷ ಮಾತ್ರ ಅವಳಿಗೆ ಹಿಂಸೆ. ಕಣ್ಣಲ್ಲಿ, ಕೈಯಲ್ಲಿ, ಹುಬ್ಬಲ್ಲಿ ಮಾತಾಡಲು ನೋಡುತ್ತಿದ್ದಳು. ನಾನು ಅಟ್ಟದ ಮೇಲಿನಿಂದ ನನ್ನ ಸಾಲೆಯ ಕಾಲದ ಪಾಟಿ ಇಳಿಸಿ, ಬಳಪ ಕೊಟ್ಟೆ. ಅವತ್ತಿನಿಂದ ಪಾಟಿಯ ಮೇಲೆ ಬರೆಯತೊಡಗಿದಳು. "ಆಯಿ ಗೊರಕಿ ಹೊಡಿಯಾಕತ್ತಾಳ." "ನಿನ್ನ ಕುಂಕುಮ ಸೊಟ್ಟ ಆಗೇತಿ." ಒಂದು ದಿನ "ದೊಡ್ಡವ್ವ ಸಿಟ್ಟಿಗೆದ್ರ ಮೂಗಿನ ತುದಿ ಕೆಂಪ ಆಗತೈತಿ" ಎಂದು ಬರೆದು, ಕೆಳಗೆ ಚಿತ್ರವನ್ನೂ ಬಿಡಿಸಿದ್ದಳು. ನಾನು ಬಳಪ ಕಸಿದುಕೊಂಡು ಒತ್ತಕ್ಷರ ತಿದ್ದಿದೆ. ಚಿತ್ರ ಅಳಿಸಲಿಲ್ಲ. ಮಕ್ಕಳಿಲ್ಲದ ನನ್ನ ಮನೆಯಲ್ಲಿ ಅಷ್ಟು ಸದ್ದಿಲ್ಲದೆ ಅಷ್ಟು ನಗು ಯಾವತ್ತೂ ಆಗಿರಲಿಲ್ಲ, ಆ ಹುಡುಗಿ ನನ್ನ ಜೀವಕ್ಕೆ ಅಂಟಿಕೊಂಡಿದ್ದು ಆ ಹತ್ತು ಹತ್ತು ನಿಮಿಷಗಳಲ್ಲೇ.

ಮೂರನೆಯ ತಿಂಗಳಿಗೆ ನನ್ನ ಎಡಗಣ್ಣಿನ ಪೊರೆ ತೆಗೆಸಬೇಕಾಯಿತು. ಕಪ್ಪು ಕನ್ನಡಕ, ಹೊತ್ತು ಹೊತ್ತಿಗೆ ಹನಿ, ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮಲಗುವುದು. ಹನಿಯ ಹೊತ್ತೂ ಗುಳಿಗೆಯ ಹೊತ್ತೂ ಒಂದೇ ಆಗಿ, ಅದು ಕರಗಿದೆಯೋ ಇಲ್ಲವೋ ನೋಡಲು ನನಗೆ ಕಣ್ಣೇ ಇರಲಿಲ್ಲ. ಕಪಾಟಿನ ಕೀಲಿ ಅವ್ವನ ಸೆರಗಿನ ಗಂಟಿಗೆ ಹೋಯಿತು. ಗಡಿಯಾರ ನೋಡಲು ಬಾರದ ಅವಳಿಗೆ ಹತ್ತು ನಿಮಿಷ ಅಂದರೆ ಎಷ್ಟು ಜಪ ಎಂದು ಲೆಕ್ಕ ಹಿಡಿದು ಹೇಳಿಕೊಟ್ಟೆ. ಒಳಗಿನ ಕೋಣೆಯಲ್ಲಿ ಮಲಗಿ ಕಿವಿಗೊಟ್ಟರೆ ಪಡಸಾಲೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಎಲ್ಲಾ ಸರಿ ನಡೆದಿದೆ ಅಂದುಕೊಂಡೆ.

ಒಂದು ವಾರವಾಗಿರಬೇಕು. ಹುಡುಗಿ ಮತ್ತೆ ಆಕಳಿಸತೊಡಗಿದಳು. ಬಿಸಿಲು ಸುಡುವಾಗ ಚಾದರ ಹೊದ್ದಳು. ಊಟದ ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಇಟ್ಟು ಎದ್ದಳು. ಕಾಲು ಒಂದು ಕಡೆ ನಿಲ್ಲದು. ಮೂಗು ಒರೆಸಿಕೊಳ್ಳುವುದನ್ನು ಕಪ್ಪು ಕನ್ನಡಕದೊಳಗಿಂದಲೇ ನೋಡಿದೆ. ಹಳೆಯ ಗುಳಿಗೆಯ ದಿನಗಳಲ್ಲಿ ಹೀಗೇ ಆಗುತ್ತಿತ್ತು, ಮತ್ತೆ ಸುರು ಮಾಡಿದ್ದಾಳೆ ಅಂದುಕೊಂಡೆ.

"ಏನ ತಗೊಂಡಿ?" ಎಂದು ಕೇಳಿದೆ.

"ಏನೂ ಇಲ್ಲ ದೊಡ್ಡವ್ವ."

"ಖರೇ ಹೇಳು."

"ಖರೇನ ಏನೂ ಇಲ್ಲ."

ನನಗೆ ತಲೆ ಕೆಟ್ಟಿತು. ಅವಳ ಚೀಲ ಕೊಡವಿದೆ, ಪುಸ್ತಕ ಒಂದೊಂದೇ ಜಾಡಿಸಿದೆ, ಆಟದ ಬೂಟಿನೊಳಗೆ ಕೈ ಹಾಕಿದೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಸಮಾಧಾನವಾಗುವ ಬದಲು ನನ್ನ ಸಿಟ್ಟು ಹೆಚ್ಚಾಯಿತು. "ಸುಳ್ಳ ಹೇಳೋ ಹುಡುಗರನ್ನ ನಾ ಜನ್ಮೆಲ್ಲಾ ನೋಡೇನಿ. ಮಾರಿ ನೋಡಿದ್ರ ಸಾಕು, ನನಗ ಗೊತ್ತಾಗತೈತಿ" ಎಂದು ಬಾಯಿಗೆ ಬಂದದ್ದು ಅಂದೆ. ಒಂದು ಕಣ್ಣಿನ ಪಟ್ಟಿ ಬಿಚ್ಚಿ ವಾರವಾಗಿದ್ದವಳು ಆಡಿದ ಮಾತು ಅದು. ಹುಡುಗಿ ನನ್ನ ಹಿಂದೆ ನಿಂತಿದ್ದ ಆಯಿಯ ಕಡೆ ಒಮ್ಮೆ ನೋಡಿ, ಚೆಲ್ಲಿದ ಪುಸ್ತಕಗಳನ್ನು ಕೂಡಿಸತೊಡಗಿದಳು.

ನಾನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫೋನ್ ಎತ್ತಿ ಅವಳ ಅಪ್ಪನಿಗೆ ಹಚ್ಚಿ, "ನಿಮ್ಮ ಮಗಳು ಮತ್ತ ಸುರು ಮಾಡ್ಯಾಳ" ಎಂದುಬಿಟ್ಟೆ. ಆತ, "ದವಾಖಾನಿ ವಾರ ಯಾವತ್ರಿ? ನಾ ಅಲ್ಲಿಗೇ ಬರತೇನಿ. ಡಾಕ್ಟರನ್ನ ಕೊನೇದ್ದು ಒಂದ ಮಾತ ಕೇಳಿ, ಕರಕೊಂಡು ಹೋಗತೇನಿ" ಅಂದ.

ದವಾಖಾನೆಯ ದಿನ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಕಿತ್ತೂರಿನಲ್ಲಿ ಬಸ್ ಬದಲಿಸಬೇಕು, ನಿನಗೆ ತ್ರಾಸು ಅಂದರೂ ಕೇಳಲಿಲ್ಲ. ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತಳು. ಹುಡುಗಿ ಕಿಟಕಿಯ ಸರಳಿಗೆ ಹಣೆ ಹಚ್ಚಿದ್ದಳು. ಅವಳ ಬಟ್ಟೆಯ ಚೀಲವನ್ನು ನಾನೇ ತುಂಬಿ ತಂದಿದ್ದೆ, ಅದು ನನ್ನ ಕಾಲ ಹತ್ತಿರ ಇತ್ತು. ಎರಡು ಸಲ ಅದು ಅತ್ತ ಜಾರಿದಾಗ ಹುಡುಗಿಯೇ ಕಾಲಿನಿಂದ ನನ್ನ ಕಡೆಗೆ ಸರಿಸಿದಳು.

ಅವಳ ಅಪ್ಪ ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಡಾಕ್ಟರು ಹುಡುಗಿಗೆ ಸಣ್ಣ ಡಬ್ಬಿ ಕೊಟ್ಟು ಮೂತ್ರ ತಪಾಸಣೆಗೆ ಕಳಿಸಿದಳು. ಫಲಿತಾಂಶ ನೋಡಿ ನಮ್ಮೆಲ್ಲರನ್ನೂ ಒಳಗೆ ಕರೆದಳು. ನಮ್ಮ ಮೋರೆಗಳನ್ನು ಒಂದೊಂದಾಗಿ ನೋಡಿ, ಬೇರೆ ಯಾರನ್ನೂ ಕೇಳದೆ ಹುಡುಗಿಯನ್ನೇ ಕೇಳಿದಳು.

"ಗುಳಿಗಿ ಹೆಂಗ ತಗೋಳಾಕತ್ತೀವಾ? ಮೊದಲಿಂದ ಹೇಳು."

"ನಾಲಿಗಿ ಕೆಳಗ ಇಟ್ಟಕೋತೇನ್ರಿ."

"ಆಮ್ಯಾಲೆ?"

"ಆಮ್ಯಾಲೆ... ಕರಗತೈತ್ರಿ" ಅಂದವಳು ತಲೆ ತಗ್ಗಿಸಿದಳು.

ಅವ್ವನಿಗೆ ತಡೆಯಲಾಗಲಿಲ್ಲ. "ಬೆಲ್ಲದ್ದ್ಯಾಕ ಹೇಳವಲ್ಲಿ?" ಎಂದು ಮೊಮ್ಮಗಳನ್ನು ತಿವಿದು, ಡಾಕ್ಟರ ಕಡೆ ತಿರುಗಿದಳು. "ಯವ್ವಾ, ನಾ ಏನ ಖಾಲಿ ಗುಳಿಗಿ ಕೊಡತೇನಂತ ತಿಳದಿಯೇನ? ಖಾಲಿ ಹೊಟ್ಟ್ಯಾಗ ಕೂಸು ಕಹಿ ಇಟಗೊಂಡು ಕುಂದ್ರತೈತಿ, ಮಾರಿ ಕಿವಿಚತೈತಿ, ನೋಡಾಕ ಆಗೂದಿಲ್ಲ. ಗುಳಿಗಿ ಇಟ್ಟ ಗಳಿಗೀಗೆ ಒಂದು ಚೂರ ಬೆಲ್ಲ ಬಾಯಾಗ ಹಾಕತೇನಿ, ಮ್ಯಾಲೊಂದು ಗುಟುಕು ನೀರು ಕುಡಸತೇನಿ. ಒಂದು ದಿನಾನೂ ತಪ್ಪಸಿಲ್ಲ!"

ಪ್ರಶಸ್ತಿ ತೆಗೆದುಕೊಳ್ಳಲು ಬಂದವಳ ಹಾಗೆ ಕೂತಿದ್ದಳು. ತಪ್ಪೇನೂ ಇರಲಿಲ್ಲ ಬಿಡಿ. ನಮ್ಮ ಕಡೆ ದಾರಿಹೋಕ ಕಟ್ಟೆಯ ಮೇಲೆ ಕೂತರೂ ಮೊದಲು ಬೆಲ್ಲ ನೀರು ಕೊಟ್ಟೇ ಮಾತಾಡಿಸುವುದು. ಎಂಬತ್ತು ವರ್ಷ ಹಾಗೇ ಬದುಕಿದವಳು ತನ್ನ ಮೊಮ್ಮಗಳ ಬಾಯಲ್ಲಿ ಬರೀ ಕಹಿ ಬಿಟ್ಟು ಜಪ ಎಣಿಸುತ್ತಾ ಕೂಡ್ರಬೇಕು ಎಂದರೆ ಹೇಗೆ?

ಡಾಕ್ಟರು ನಗು ತಡೆದುಕೊಂಡು, ಅಜ್ಜಿಯ ಕೈ ಹಿಡಿದು ತಿಳಿಸಿ ಹೇಳಿದಳು. ಈ ಗುಳಿಗೆ ನಾಲಿಗೆಯ ಕೆಳಗೇ ಇಂಗಿ ರಕ್ತಕ್ಕೆ ಸೇರಬೇಕು, ಬೆಲ್ಲ ನೀರಿನ ಜೊತೆ ಹೊಟ್ಟೆಗೆ ಇಳಿದರೆ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಹುಡುಗಿಗೆ ಇಷ್ಟು ದಿನ ಔಷಧ ಸರಿಯಾಗಿ ಸಿಕ್ಕೇ ಇಲ್ಲ. ನಡುಕ, ಸೆಳೆತ ತಿರುಗಿ ಬಂದದ್ದು ಅದಕ್ಕೆ. ತಪಾಸಣೆಯಲ್ಲಿ ಹಳೆಯ ಗುಳಿಗೆಯ ಸುಳಿವೇ ಇಲ್ಲ.

ಹುಡುಗಿಯ ಅಪ್ಪ ಮುಂದಕ್ಕೆ ಬಾಗಿ ಕೇಳಿದ. "ಅಂದ್ರ ಹುಡುಗಿ ಏನೂ ತಗೊಂಡಿಲ್ಲೇನ್ರಿ?"

"ಇಲ್ರಿ."

"ಅಷ್ಟು ತ್ರಾಸ ಆಗಾಕತ್ತಿದ್ರೂ?"

"ಅಷ್ಟು ತ್ರಾಸ ಆಗಾಕತ್ತಿದ್ರೂ ತಗೊಂಡಿಲ್ರಿ. ದೊಡ್ಡವ್ರಿಗೂ ಅದು ಸುಲಭ ಅಲ್ಲ."

ಆತ ಮಗಳ ಕಡೆ ನೋಡಿದ. ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಮೈ ಹೇಗಾಗುತ್ತದೆ ಎಂದು ಆ ಕೋಣೆಯಲ್ಲಿ ಮೈಯಾರೆ ತಿಳಿದವನು ಅವನೊಬ್ಬನೇ. ಎದ್ದು ಅವಳ ತಲೆಯ ಮೇಲೆ ಕೈಯಿಟ್ಟ. ಹೊರಡುವಾಗ ನನ್ನ ಕಾಲ ಹತ್ತಿರದ ಬಟ್ಟೆಯ ಚೀಲ ಎತ್ತಿಕೊಂಡು, ಬೈಲಹೊಂಗಲದ ಕಡೆಗೆ ಹೋಗುವ ಬಸ್ಸಿನಲ್ಲಿ ತಾನೇ ಇಟ್ಟು, ನಮ್ಮನ್ನು ಹತ್ತಿಸಿ ಕಟಕೋಳಕ್ಕೆ ಹೋದ. ಹೋಗುವ ಮೊದಲು, "ಅಕ್ಕಾರ, ನಾಲಿಗಿ ಕೆಳಗ, ಹತ್ತ ನಿಮಿಷ, ಅಲ್ರಿ?" ಎಂದು ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ಬಸ್ಸಿನಲ್ಲಿ ಆಯಿ ನಿದ್ದೆ ಹೋದ ಮೇಲೆ ನಾನು ಕೇಳಿದೆ. "ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಆಯಿಗೆ ಬೈತಿದ್ದಿ" ಅಂದಳು. "ನೀ ಬೈದ್ರ ಅಕಿ ಎರಡ ದಿನ ಉಣ್ಣೂದಿಲ್ಲ. ಸ್ವಲ್ಪರ ಕರಗತೈತಲ್ಲ, ನಡೀತೈತಿ ಅಂದಕೊಂಡೆ."

ನಾನು ಚೀಲ ಜಾಡಿಸುವಾಗಲೂ ಅವಳು ಬಾಯಿ ಬಿಟ್ಟಿರಲಿಲ್ಲ. ಕಾಲೇಜು ಹೋಗುತ್ತದೆ, ಔಷಧ ಹೋಗುತ್ತದೆ, ಕಳ್ಳಿ ಎನ್ನಿಸಿಕೊಂಡು ಊರಿಗೆ ಹೋಗಬೇಕಾಗುತ್ತದೆ ಎಂದು ಗೊತ್ತಿದ್ದೂ ಬಿಟ್ಟಿರಲಿಲ್ಲ. ಅವಳು ಕಾಪಾಡಿದ್ದು ಅಜ್ಜಿಯ ಎರಡು ದಿನದ ಊಟ. ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿದ ನನಗೆ ಆ ಮುಖದಲ್ಲಿದ್ದ ಇಷ್ಟು ದೊಡ್ಡ ಮನಸ್ಸು ಕಾಣಲಿಲ್ಲ. ನಾಚಿಕೆಯಾಗಿ ಅವಳ ಬಟ್ಟೆಯ ಚೀಲವನ್ನು ಎತ್ತಿ, ಬೈಲಹೊಂಗಲ ಬರುವ ತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ನನ್ನ ವರ್ಗದಲ್ಲಿ ತಪ್ಪು ಮಾಡಿದ ಮಕ್ಕಳು ಎದ್ದು ನಿಂತು "ತಪ್ಪಾತ್ರಿ ಬಾಯೋರ" ಅನ್ನಲೇಬೇಕಿತ್ತು. ಸಾವಿರ ಮಕ್ಕಳ ಬಾಯಿಂದ ಆ ಮಾತು ಆಡಿಸಿದ್ದೇನೆ. ನಾನು ಮಾತ್ರ ಒಂದು ಮಗುವಿನ ಮುಂದೂ ಅದನ್ನು ಆಡಿದವಳಲ್ಲ. ತಪ್ಪು ಮಾಡಲಿಲ್ಲ ಎಂದಲ್ಲ, ಬಾಯಿ ತಿರುಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೀಲಿ ಮತ್ತೆ ನನ್ನ ಕೈಗೆ ಬಂತು. ಗುಳಿಗೆ ನಾಲಿಗೆಯ ಕೆಳಗೆ ಹೋಯಿತು. ಪಾಟಿ ಅವಳ ತೊಡೆಯ ಮೇಲಿತ್ತು. ಅವ್ವ ಗೋಡೆಗೆ ಒರಗಿ, ಮುಷ್ಟಿಯಲ್ಲಿ ಬೆಲ್ಲದ ಚೂರು ಬಿಗಿಹಿಡಿದು, ಗುಳಿಗೆ ಕರಗಿದ ಮೇಲೆ ಬಾಯಿ ಮುಕ್ಕಳಿಸಿದ ನಂತರವೇ ಕೊಡಬೇಕು ಎಂಬ ಡಾಕ್ಟರ ಮಾತನ್ನು ತುಟಿಯಲ್ಲೇ ಪಾಠ ಮಾಡುತ್ತಾ ಕೂತಿದ್ದಳು. ಮೂವರೂ ಗಪ್‌ಚಿಪ್. ಅವಳು ಮಾತಾಡುವಂತಿಲ್ಲದ ಹೊತ್ತಿನಲ್ಲಿಯೇ ನಾನು ಮಾತಾಡಿದೆ. ಹೇಡಿತನವೆಂದರೂ ಸರಿ, ಎದುರು ಮಾತು ಬರುವಂತಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

"ನಂದು ತಪ್ಪಾತು" ಅಂದೆ. "ನಿನ್ನ ಚೀಲ ಜಾಡಿಸಬಾರದಿತ್ತು. ನಿಮ್ಮಪ್ಪಗ ಫೋನ್ ಹಚ್ಚಬಾರದಿತ್ತು. ನಿನ್ನ ಮಾತು ನಂಬಬೇಕಾಗಿತ್ತು ನಾ. ತಪ್ಪಾತು ನನ್ನವ್ವ. ನೀ ಹೋಗಿದ್ರ ನಾ ಹೆಂಗ ಇರತಿದ್ದೆ..."

ಅಲ್ಲಿಂದ ಮುಂದೆ ಏನೇನು ಅಂದೆನೋ. ಕಣ್ಣೀರು ಬಂದು ಆಪರೇಷನ್ ಆದ ಕಣ್ಣು ಉರಿಯತೊಡಗಿತು. ಹುಡುಗಿ ನನ್ನನ್ನೇ ನೋಡುತ್ತಿದ್ದವಳು ಬಳಪ ತೆಗೆದುಕೊಂಡು ಏನೋ ಬರೆದು, ಪಾಟಿಯನ್ನು ನನ್ನ ಸರಿಯಿದ್ದ ಕಣ್ಣಿನ ಕಡೆಗೆ ಹಿಡಿದಳು.

"ಇನ್ನ ನಾಕ ನಿಮಿಷ ಐತಿ. ಸುಮ್ಮ ಕುಂದ್ರು."

ಕೂತೆ. ಆ ನಾಲ್ಕು ನಿಮಿಷದಷ್ಟು ಉದ್ದದ ಹೊತ್ತು ನನ್ನ ಆಯುಷ್ಯದಲ್ಲಿ ಬಂದಿಲ್ಲ. ಮುಗಿದ ಮೇಲೆ, "ಇವತ್ತ ತೋರಸೂದು ಬ್ಯಾಡ ಬಿಡು" ಅಂದೆ. ಅವಳು ಕೇಳಲಿಲ್ಲ. ಹತ್ತಿರ ಬಂದು ಬಾಯಿ ಅಗಲಿಸಿ, ನಾಲಿಗೆ ಎತ್ತಿ, ನಾನು ಹೂಂ ಅನ್ನುವ ತನಕ ಹಾಗೇ ನಿಂತಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಆಯಿಯ ಮುಂದೆ ಕೈ ಚಾಚಿದಳು. ಆಯಿಯ ಮುಷ್ಟಿ ಬಿಚ್ಚಿತು. ಹುಡುಗಿ ಅಂಗೈ ಬಿಸಿಗೆ ಮೆತ್ತಗಾಗಿದ್ದ ಬೆಲ್ಲವನ್ನು ಎರಡು ಮಾಡಿ ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ನನ್ನ ತುಟಿಯ ಹತ್ತಿರ ಹಿಡಿದಳು.

"ತಗೋ ದೊಡ್ಡವ್ವ. ನಿನ್ನ ಬಾಯೂ ಕಹಿ ಆಗೇತಿ."

ನಾನು ಮಾತಾಡದೆ ಬಾಯಿ ತೆರೆದೆ.